ನಾಯಿ ನೋಡುತ್ತಿರುವವರು

ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ನಾಯಿ ಸಾಕಿದವರು, ನಾಯಿ ಕಂಡರಾಗದವರು ಅಲ್ಲದೆ ‘ನಾಯಿ ನೋಡುತ್ತಿರುವವರು’ ಎಂಬ ಮೂರನೆಯ ಪಂಗಡವೊಂದಿದೆ. ಈ ಪಂಗಡದವರು ಸಾಮಾನ್ಯವಾಗಿ ಅರವತ್ತೈದು ದಾಟಿದ ಗಂಡಸರು. ಬ್ಯಾಂಕಿನಿಂದಲೋ ವಿದ್ಯುತ್ ಮಂಡಳಿಯಿಂದಲೋ ನಿವೃತ್ತರು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಅದಕ್ಕೂ ಆಚೆ. “ಒಂದು ಪುಟ್ಟ ನಾಯಿ ತಂದ್ಕೊಳ್ಳಿ ಅಪ್ಪ, ಜೊತೆಗಿರತ್ತೆ” ಎಂದು ಮಗಳು ಫೋನಿನಲ್ಲಿ ಅಂದ ದಿನದಿಂದ ಅಧ್ಯಯನ ಶುರು. ಮರುದಿನವೇ ಗೇಟಿಗೆ ‘ನಾಯಿ ಇದೆ, ಎಚ್ಚರಿಕೆ’ ಬೋರ್ಡು ಬೀಳುತ್ತದೆ. ನಾಯಿಯದು ಆಮೇಲಿನ ಮಾತು.

ಮಂಕಿ ಟೋಪಿ, ಬೀದಿನಾಯಿಗಳಿಗೆಂದು ಒಂದು ಕೋಲು, ಕಾಲಂ ಕಾಲಂ ಆಗಿ ಗೆರೆ ಎಳೆದ ಹಳೇ ಡೈರಿ ಇವರ ಹೊರಲಕ್ಷಣ. ಬೆಳಗಿನ ವಾಕಿಂಗಿನಲ್ಲಿ ಎದುರಾದ ಪ್ರತಿ ನಾಯಿಯ ಯಜಮಾನರನ್ನೂ ತಡೆದು ತೂಕ, ಊಟ, ಕೂದಲು ಉದುರುವ ಪ್ರಮಾಣ ಬರೆದುಕೊಳ್ಳುತ್ತಾರೆ. ನಾಯಿಯನ್ನು ಮಾತ್ರ ಮುಟ್ಟುವುದಿಲ್ಲ, ಸ್ನಾನ ಆಗಿರುತ್ತದೆ.

ತಳಿಗಳ ವಿಚಾರದಲ್ಲಿ ಇವರ ತಿಳಿವಳಿಕೆ ಹುಸಿಯಲ್ಲ. 2022ರಲ್ಲಿ ‘777 ಚಾರ್ಲಿ’ ನೋಡಿ ಬಂದ ಮೊಮ್ಮಗ ಲ್ಯಾಬ್ರಡಾರ್ ಕೇಳಿದಾಗ, ಮೂವತ್ತು ಕಿಲೋ ನಾಯಿ ಬೆಕ್ಕು ಕಂಡು ಸರಪಳಿ ಜಗ್ಗಿದರೆ ಮುರಿಯುವ ಸೊಂಟ ಯಾರದು ಎಂಬ ಒಂದೇ ಪ್ರಶ್ನೆಯಲ್ಲಿ ಕಡತ ಮುಗಿಯಿತು. ಮೊಬೈಲ್ ಜಾಹೀರಾತಿನಿಂದ ಮನೆಮಾತಾದ ಪಗ್‌ಗೆ ಮೂಗು ಚಪ್ಪಟೆ. ಏಪ್ರಿಲ್ ಬಿಸಿಲಿಗೆ ಏದುಸಿರು, ರಾತ್ರಿ ಗೊರಕೆ. ಗೊರಕೆಗೆ ಮನೆಯಲ್ಲಿ ಒಬ್ಬರಿದ್ದಾರಲ್ಲ, ಸಾಲದೇ ಎಂದು ಮನೆಯಾಕೆಯ ಷರಾ. ಡ್ಯಾಷ್‌ಹಂಡ್‌ನ ಉದ್ದ ಬೆನ್ನಿಗೆ ಡಿಸ್ಕ್ ತೊಂದರೆ ಹೆಚ್ಚು, ಮೆಟ್ಟಿಲು ಹತ್ತಿಳಿಸಬಾರದು. ಯಜಮಾನರಿಗೂ ಡಾಕ್ಟರು ಅದನ್ನೇ ಹೇಳಿರುವುದರಿಂದ ಮಹಡಿಗೆ ಹೋಗಿ ಬರಲು ಮೂರನೆಯವರು ಬೇಕಾಗುತ್ತದೆ. ಷಿಹ್‌ತ್ಸು ನಾಲ್ಕರಿಂದ ಏಳು ಕಿಲೋ ತೂಗುವ ಸಾಧು ಪ್ರಾಣಿ, ಆದರೆ ದಿನಾ ಬಾಚಬೇಕು. ಬಾಚಣಿಗೆ ಈ ಮನೆಯಿಂದ ಹೋಗಿ ಬಹಳ ವರ್ಷವಾಯಿತು. ಊರೆಲ್ಲ ಪೊಮೆರೇನಿಯನ್ ಎನ್ನುವ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್, ನಮ್ಮ ಹವೆಗೆ ಒಗ್ಗಿದ್ದು. ಒಂದೇ ಕಷ್ಟವೆಂದರೆ ಬೊಗಳುತ್ತದೆ, ಬೋರ್ಡು ಬೊಗಳುವುದಿಲ್ಲ.

ವಯಸ್ಸಿನ ಲೆಕ್ಕದಲ್ಲಿ ಇವರು ನಿಜಕ್ಕೂ ಪಂಡಿತರು. ಸಣ್ಣ ತಳಿಗಳು ಹನ್ನೆರಡರಿಂದ ಹದಿನೈದು ವರ್ಷ ಬದುಕುತ್ತವೆ. ಅರವತ್ತೆಂಟರಲ್ಲಿ ಮರಿ ತಂದರೆ ಅದರ ಮುಪ್ಪು ಬರುವಾಗ ತಮ್ಮದು ಎಂಬತ್ತು. ಮರಿಗಾಗಿ ರಾತ್ರಿ ಎರಡು ಸಲ ಏಳಬೇಕು (ಅದೇನೋ ಹೇಗೂ ಏಳುತ್ತಾರೆ). ಆದ್ದರಿಂದ ಸ್ವಭಾವ ಗೊತ್ತಾಗಿರುವ, ರೇಬೀಸ್ ಲಸಿಕೆ ಆಗಿರುವ ಐದಾರು ವರ್ಷದ ನಾಯಿ ಮೇಲು. ತಾವು ಆಸ್ಪತ್ರೆ ಸೇರಿದರೆ ಅದನ್ನು ನೋಡಿಕೊಳ್ಳುವವರ ಹೆಸರು ಮೊದಲೇ ಬರೆದಿಡಬೇಕು. ಈರುಳ್ಳಿ ಬಿದ್ದ ಉಪ್ಪಿಟ್ಟೂ ದ್ರಾಕ್ಷಿ ಬಿದ್ದ ಕೇಸರಿಬಾತೂ ನಾಯಿಗೆ ವಿಷ, ಅಂದರೆ ಚೌಚೌ ಬಾತ್ ಪೂರ್ತಿ ನಿಷಿದ್ಧ. ಈ ಮಾತು ಕೇಳಿ ನಾಯಿ ತಂದುಕೊಂಡ ಅಕ್ಕಪಕ್ಕದವರು ಸುಖವಾಗಿದ್ದಾರೆ, ನಾಯಿಗಳೂ.

ತಾವೇಕೆ ತರಲಿಲ್ಲ ಎಂದು ಕೇಳಿದರೆ ಕಾರಣಗಳಿಗೆ ಬರವಿಲ್ಲ. ಸೂಯೇಜ್ ಫಾರಂ ಕಡೆಯಿಂದ ಗಾಳಿ ತಿರುಗುವ ಸಂಜೆಗಳಲ್ಲಿ, ಮನುಷ್ಯರಿಗಿಂತ ಎಷ್ಟೋ ಪಟ್ಟು ಚುರುಕು ಮೂಗಿನ ಪ್ರಾಣಿಯನ್ನು ಈ ಬಡಾವಣೆಗೆ ತರುವುದು ಹಿಂಸೆಯಲ್ಲವೇ ಎನ್ನುತ್ತಾರೆ. ನಾಯಿಗೆ ಅದೇ ಹಬ್ಬವಾಗಬಹುದೆಂಬ ಕಾಲಂ ಡೈರಿಯಲ್ಲಿಲ್ಲ. ಮಿಕ್ಕ ಕಾರಣಗಳು ಪಂಚಾಂಗದವು. ಆಷಾಢದ ಶುಕ್ರವಾರಗಳಂದು ಚಾಮುಂಡಿ ಬೆಟ್ಟ, ದಸರೆಗೆ ನೆಂಟರು, ದೀಪಾವಳಿಗೆ ಪಟಾಕಿಯ ಸದ್ದು, ಧನುರ್ಮಾಸದಲ್ಲಿ ಬೆಳಗಿನ ಜಾವದ ದೇವಸ್ಥಾನ, ಬೇಸಿಗೆಗೆ ಮೊಮ್ಮಕ್ಕಳು. ಸದ್ಯದ ತೀರ್ಮಾನ ದಸರಾ ಕಳೆದ ಮೇಲೆ ಎಂದಾಗಿದೆ. ಯಾವ ದಸರಾ ಎಂದು ನಮೂದಾಗಿಲ್ಲ.