ಗುಂಡಿಶಾಸ್ತ್ರಕ್ಕೊಂದು ಪೇಟೆಂಟ್ ಕೊಡಿ

ಎಂಜಿನ್ ಒಳಗೆ ಎಷ್ಟು ನುಣುಪಿದ್ದರೆ ಅಷ್ಟು ಒಳ್ಳೆಯದು ಎಂದು ನಂಬಿದವರು ಚಿಕ್ಕಮಗಳೂರಿನ ಯಾವುದಾದರೂ ಲೇತ್ ಅಂಗಡಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ತೋಟದ ಜೀಪಿನ ಸಿಲಿಂಡರನ್ನು ಬೋರ್ ಮಾಡಿದ ಮೇಲೆ ಅದರ ಒಳಮೈಗೆ ಬೇಕೆಂದೇ ಗೀರು ಹಾಕುತ್ತಾರೆ, ಎಡಕ್ಕೊಂದು ಬಲಕ್ಕೊಂದು. ಅದಕ್ಕೆ ಹೋನಿಂಗ್ ಎಂದು ಹೆಸರು. “ದುಡ್ಡು ಕೊಟ್ಟು ಪರಚಿಸ್ಕೊಳ್ಳೋದಾ ಮಾರಾಯ?” ಎಂದು ಸಾಹುಕಾರರು ಕೇಳಿದರೆ, ಕೆಲಸ ಮಾಡುವವನು ತಲೆಯೆತ್ತದೆ ಹೇಳುತ್ತಾನೆ: “ಕನ್ನಡಿ ಥರ ಇದ್ರೆ ಆಯಿಲ್ ಎಲ್ಲಿ ನಿಲ್ಲುತ್ತೆ ಗೌಡ್ರೆ? ರಿಂಗು ಕೂರಲ್ಲ, ನೀಲಿ ಹೊಗೆ ಬರುತ್ತೆ.”

ಇಸ್ರೇಲಿನ ಟೆಕ್ನಿಯಾನ್ ಸಂಸ್ಥೆಯ ಇಝಾಕ್ ಎಟ್ಸಿಯಾನ್ ಇದನ್ನೇ ಲೇಸರ್ ಹಿಡಿದು ಪಿಸ್ಟನ್ ರಿಂಗಿನ ಮೇಲೆ ಮುಂದುವರಿಸಿದರು. ಇಂಥ ಕೆಲಸದಲ್ಲಿ ತೋಡುವ ಗುಂಡಿ ಸುಮಾರು 100 ಮೈಕ್ರಾನ್ ಅಗಲ, 10 ಮೈಕ್ರಾನ್ ಆಳ. ಪಿಸ್ಟನ್ ಮೇಲೆ ಹೋಗಿ ತಿರುಗುವಾಗ ಅರೆಕ್ಷಣ ನಿಲ್ಲುತ್ತದಲ್ಲ, ಎಣ್ಣೆಪದರ ತೆಳುವಾಗಿ ಲೋಹಕ್ಕೆ ಲೋಹ ಉಜ್ಜುವುದು ಅಲ್ಲೇ. ರಿಂಗಿನ ಗುಂಡಿಯಲ್ಲಿ ಕೂಡಿಟ್ಟ ಎಣ್ಣೆ ಆಗ ಒದಗುತ್ತದೆ. 2009ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ಇಂಧನ ಶೇ. 4ರವರೆಗೂ ಉಳಿಯಿತು.

ಕಾಫಿ ಬೆಳೆಯುವವರಿಗೆ ಇದು ತೀರಾ ಹೊಸ ವಿದ್ಯೆಯೇನಲ್ಲ. ಪಲ್ಪರ್ ಉರುಳೆಗೆ ಹೊದಿಸಿದ ತಾಮ್ರದ ತಗಡಿನ ತುಂಬ ಉಬ್ಬುಗಳಿರುತ್ತವೆ. ಅಲ್ಲಿ ಬೇಕಾದದ್ದು ಉಜ್ಜಾಟವೇ, ಇಲ್ಲದಿದ್ದರೆ ಹಣ್ಣಿನ ಸಿಪ್ಪೆ ಬಿಡುವುದಿಲ್ಲ. ಆದರೆ ಈ ಶಾಸ್ತ್ರದಲ್ಲಿ ನಮ್ಮ ಜಿಲ್ಲೆಯ ನಿಜವಾದ ಸಾಧನೆ ನೋಡಬೇಕಾದರೆ ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಒಂದು ಸಲ ಹೋಗಿಬರಬೇಕು. ಟೇಪು ಜೊತೆಗಿರಲಿ. ಒಂದು ಮೀಟರ್ ಅಗಲದ ಗುಂಡಿಗೆ ಹತ್ತು ಸೆಂಟಿಮೀಟರ್ ಆಳ. ಹತ್ತಕ್ಕೊಂದು! ಲೇಸರ್ ಇಲ್ಲ, ಪ್ರಯೋಗಾಲಯ ಇಲ್ಲ. ಅಳತೆ ಹತ್ತು ಸಾವಿರ ಪಟ್ಟು ದೊಡ್ಡದಾಗಿದೆ ನಿಜ, ಅನುಪಾತ ಮಾತ್ರ ಕೂದಲೆಳೆಯಷ್ಟೂ ತಪ್ಪಿಲ್ಲ. ಗುಂಡಿ ತುಂಬುವ ಖರ್ಚೂ ಇಲ್ಲ, ಜೂನ್‌ನಿಂದ ಮಳೆರಾಯನೇ ನೋಡಿಕೊಳ್ಳುತ್ತಾನೆ.

ಅಗಲವಾದ ರಿಂಗಾದರೆ ಪೂರ್ತಿ ಮೈಗೆ ಗುಂಡಿ ತೋಡುವುದಕ್ಕಿಂತ ಒಂದು ಭಾಗಕ್ಕಷ್ಟೇ ತೋಡುವುದು ಮೇಲು ಎಂದು ಎಟ್ಸಿಯಾನ್ ತಂಡ ಕಂಡುಕೊಂಡಿತ್ತು. ಈ ಒಂದು ವಿಷಯದಲ್ಲಿ ನಮ್ಮ ರಸ್ತೆ ಇಲಾಖೆ ಅವರ ಮಾತು ಕೇಳಿಲ್ಲ.

ಮಂತ್ರಿಗಳು ಬರುವ ಹಿಂದಿನ ರಾತ್ರಿ ಮಾತ್ರ ನಿಯಮ ಸಡಿಲ. ಗುಂಡಿಗಳಿಗೆ ಜಲ್ಲಿಪುಡಿ ಸುರಿದು, ಮೇಲೆ ಟಾರು ಸವರಿ, ಬೆಳಗಾಗುವಷ್ಟರಲ್ಲಿ ಕನ್ನಡಿ ಮಾಡಿಬಿಡುತ್ತಾರೆ. ಕನ್ನಡಿಯಾದ ಸಿಲಿಂಡರಿನಿಂದ ನೀಲಿ ಹೊಗೆ ಬರುತ್ತದೆ. ಕನ್ನಡಿಯಾದ ರಸ್ತೆಯಿಂದ ಪತ್ರಿಕಾ ಪ್ರಕಟಣೆ. ಮೊದಲ ಮಳೆಗೆ ಅದೂ ಹೊಗೆಯೇ.

ಈಗ ಲೆಕ್ಕ ನೋಡೋಣ. ಕಾರಿಗೆ ಹಾಕಿದ ಇಂಧನದಲ್ಲಿ ಸುಮಾರು ಮೂರನೇ ಒಂದು ಪಾಲು ಎಂಜಿನ್, ಗಿಯರ್, ಟೈರು, ಬ್ರೇಕುಗಳ ಘರ್ಷಣೆಗೇ ಹೋಗುತ್ತದೆ ಎಂದು 2012ರ ಅಧ್ಯಯನವೊಂದು ಹೇಳುತ್ತದೆ. ಲೆಕ್ಕ ಹಾಕಿದವರು ಕಳಸಕ್ಕೆ ಬಂದಂತೆ ಕಾಣುವುದಿಲ್ಲ. ಆಳುಗಳನ್ನು ತುಂಬಿಕೊಂಡು ಫಸ್ಟ್ ಗಿಯರಿನಲ್ಲಿ ಗುಂಡಿಯಿಂದ ಗುಂಡಿಗೆ ಇಳಿದು ಹತ್ತುವ ಜೀಪಿನ ಪಿಸ್ಟನ್, ಟಾಪ್ ಗಿಯರಿನಲ್ಲಿ ಓಡುವಾಗಿನದಕ್ಕಿಂತ ಕಿಲೋಮೀಟರಿಗೆ ಮೂರು ನಾಲ್ಕು ಪಟ್ಟು ಹೆಚ್ಚು ಸಲ ಮೇಲೆ ಕೆಳಗೆ ಹೊರಳುತ್ತದೆ. ವಿಜ್ಞಾನಿ ರಿಂಗಿನಲ್ಲಿ ಉಳಿಸಿದ ಶೇ. 4ನ್ನು ರಸ್ತೆ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಬಿಲ್ಲು ಬರುವುದು ವಿಜ್ಞಾನಿಗೂ ಅಲ್ಲ, ಇಲಾಖೆಗೂ ಅಲ್ಲ, ಡೀಸೆಲ್ ಹಾಕಿಸುವವರಿಗೆ.

ರಸ್ತೆ ಗುತ್ತಿಗೆಗಳಲ್ಲಿ ದೋಷ ಹೊಣೆಗಾರಿಕೆ ಅವಧಿ ಎಂಬುದೊಂದು ಇರುತ್ತದೆ. ಆ ಅವಧಿಯಲ್ಲಿ ಬಿದ್ದ ಗುಂಡಿಯನ್ನು ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಮುಚ್ಚಿಕೊಡಬೇಕು. ನಿಮ್ಮೂರ ರಸ್ತೆಗೆ ಅದು ಯಾವಾಗ ಮುಗಿಯುತ್ತದೆಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಅರ್ಜಿ ಶುಲ್ಕ 10 ರೂಪಾಯಿ.