ಬೆರಳ ಸಂದಿನ ಹಂಪಿ

ನೋಟಿನ ವಿನ್ಯಾಸಕ್ಕೂ ಒಂದು ಕಾನೂನುಂಟು. 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 25ನೆಯ ಕಲಮಿನಂತೆ ಚಿತ್ರ, ಆಕಾರ, ಕಾಗದಗಳನ್ನು ಬ್ಯಾಂಕಿನ ಕೇಂದ್ರ ಮಂಡಳಿ ಶಿಫಾರಸು ಮಾಡಬೇಕು, ಕೇಂದ್ರ ಸರಕಾರ ಒಪ್ಪಬೇಕು. ಪರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತವರನ್ನೂ ಒಂದು ಮಾತು ಕೇಳಬೇಕೆಂದು ಅದರಲ್ಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಉಡುಪಿಯಿಂದ ಮಣಿಪಾಲ ಹತ್ತಿ ಪರ್ಕಳದ ಮೇಲೆ ಹಿರಿಯಡ್ಕಕ್ಕೆ ಹೋಗುವ ಸರ್ವಿಸ್ ಬಸ್ಸಿನ ಕಂಡಕ್ಟರಿಗಿಂತ ದೊಡ್ಡ ನೋಟು ವಿಮರ್ಶಕರು ಯಾರಿದ್ದಾರೆ? ಒಂದು ಕೈ ಕಂಬಿಯಲ್ಲಿ, ಇನ್ನೊಂದರ ಬೆರಳ ಸಂದುಗಳಲ್ಲಿ ಉದ್ದಕ್ಕೆ ಮಡಚಿದ ನೋಟುಗಳು: ಹತ್ತಕ್ಕೊಂದು ಸಂದು, ಇಪ್ಪತ್ತಕ್ಕೊಂದು, ಹಂಪಿಯ ಕಲ್ಲಿನ ರಥ ಹೊತ್ತ ಐವತ್ತಕ್ಕೊಂದು. ಬಸ್ಸು ತಿರುವಿನಲ್ಲಿ ಓಲಾಡುವಾಗ ಅವರಿಗೆ ರಥವೂ ಕಾಣದು, ಗವರ್ನರರ ಸಹಿಯೂ ಕಾಣದು. ಕಾಣುವುದು ಅಂಚಿನ ಬಣ್ಣವೊಂದೇ.

2016ರ ನವೆಂಬರಿನಲ್ಲಿ ಶುರುವಾದ ಹೊಸ ಸರಣಿಯಲ್ಲಿ ಎಡವಟ್ಟಾದದ್ದೂ ಈ ಬಣ್ಣದಲ್ಲೇ ಎಂದು ನನ್ನ ತಕರಾರು. ಇನ್ನೂರಕ್ಕೆ ಹಳದಿ ಕೊಟ್ಟವರು ಎರಡು ವರ್ಷ ಬಿಟ್ಟು ಇಪ್ಪತ್ತಕ್ಕೆ ಹಸಿರು ಬೆರೆಸಿದ ಹಳದಿ ಕೊಟ್ಟರು. ಮುಸ್ಸಂಜೆಯ ಬಸ್ಸಿನ ಮಂಕು ದೀಪದಲ್ಲಿ ಆ ಹಸಿರು ಎಲ್ಲಿಗೆ ಹೋಗುತ್ತದೋ! 'ಇಪ್ಪತ್ತಂತ ಇನ್ನೂರು ಕೊಟ್ಟೆನಾ ಮಾರಾಯ್ರೆ?' ಎಂದು ಇಳಿದ ಮೇಲೆ ಕಿಸೆ ತಡಕಾಡುವವರು ಕಡಿಮೆಯಿಲ್ಲ. ಉದ್ದದಲ್ಲಿ ವ್ಯತ್ಯಾಸ ಉಂಟಲ್ಲ ಎಂದು ವಿನ್ಯಾಸಕಾರರು ಹೇಳಬಹುದು: ಇಪ್ಪತ್ತು 129 ಮಿಲಿಮೀಟರ್, ಇನ್ನೂರು 146. ಹೌದು, ನಾಲ್ಕು ಮಡಿಕೆ ಮಾಡಿ ಬೆವರಿದ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದವರ ನೋಟಿಗೆ ಯಾವ ಉದ್ದ? ಅದರಲ್ಲೂ ನೂರಕ್ಕೂ ಇನ್ನೂರಕ್ಕೂ ಇರುವುದು ಬರೀ ನಾಲ್ಕು ಮಿಲಿಮೀಟರ್. ಕಣ್ಣು ಕಾಣದವರಿಗೆಂದು ಅಂಚಿನಲ್ಲಿ ಉಬ್ಬು ಗೆರೆಗಳಿವೆ, ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಇನ್ನೂರಕ್ಕೂ ನಾಲ್ಕೇ, ನಡುವೆ ಎರಡು ಸೊನ್ನೆ. ಆಲೋಚನೆ ಚೆಂದವೇ. ಆದರೆ ಮೀನು ಮಾರುವ ಅಕ್ಕನ ಒದ್ದೆ ಕೈ ದಾಟಿ ಬಂದ ನೋಟಿನಲ್ಲಿ ಉಬ್ಬು ಎಷ್ಟು ದಿನ ಉಳಿದೀತು? ಕಾಗದ ಮರದ ತಿರುಳಿನದ್ದಲ್ಲ, ಹತ್ತಿಯದ್ದು. ಹಾಗಾಗಿ ಬಂಗುಡೆಯ ನೀರು ಕುಡಿದೂ ನೋಟು ಹರಿಯದೆ ಬದುಕುತ್ತದೆ, ವಾಸನೆ ಸಮೇತ.

ಆ ಕಾಗದ ಮಾಡುವ ಗಿರಣಿ ಮೈಸೂರಿನಲ್ಲಿದೆ. ಅಚ್ಚು ಹಾಕುವ ಮುದ್ರಣಾಲಯವೂ ಅಲ್ಲೇ, 2022ರಿಂದ 'ವರ್ಣಿಕಾ' ಎಂಬ ಶಾಯಿ ಕಾರ್ಖಾನೆಯೂ ಅಲ್ಲೇ. ನಮ್ಮ ಪಕ್ಕದ ಮಣಿಪಾಲಕ್ಕೆ ಚೆಕ್ ಪುಸ್ತಕ, ಎಟಿಎಂ ಕಾರ್ಡು ಮುದ್ರಿಸುವ ಭಾಗ್ಯ ಮಾತ್ರ ಒದಗಿದೆ. ಇನ್ನು ಗಾಂಧೀಜಿಯ ನಗು 1946ರ ಒಂದು ಫೋಟೋದ್ದು. ಪಕ್ಕದಲ್ಲಿ ಬ್ರಿಟಿಷ್ ಮಂತ್ರಿ ಲಾರ್ಡ್ ಪೆಥಿಕ್ ಲಾರೆನ್ಸ್ ಇದ್ದರು. ಮುನಿಸಿಕೊಂಡ ನೆಂಟರನ್ನು ಮದುವೆ ಆಲ್ಬಮ್ಮಿನಿಂದ ಕತ್ತರಿಸಿದಂತೆ ಅವರನ್ನು ಬಿಟ್ಟು ಗಾಂಧೀಜಿಯನ್ನಷ್ಟೇ ಉಳಿಸಿಕೊಂಡರು.

ನೋಟಿನ ಹಿಂಬದಿಯ ಹದಿನೈದು ಭಾಷೆಗಳ ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿದೆ. ಕನ್ನಡ ನಾಲ್ಕನೆಯದು, ಕೊಂಕಣಿ ಆರನೆಯದು. ಪರ್ಕಳದಲ್ಲಿ ಆ ನೋಟು ಕೈ ಬದಲಾಯಿಸುವಾಗ ಚೌಕಾಸಿ ನಡೆಯುವುದು ಮಾತ್ರ ತುಳುವಿನಲ್ಲಿ. ಪಟ್ಟಿಯಲ್ಲಿ ತುಳು ಇಲ್ಲ. ಮುಂದಿನ ಸರಣಿ ಬರೆಯುವವರು ಒಂದು ಸಾಲು ಜಾಗ ಬಿಟ್ಟರೆ ನಮಗೇನೂ ಬೇಸರವಿಲ್ಲ.

ಹಾಗೆಂದು ನಮ್ಮ ಕಡೆಯವರು ನೋಟಿನಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿ ನೋಟಿಗೆ ಸಹಿ ಹಾಕಿದ ಬೆನಗಲ್ ರಾಮರಾವ್ ಮಂಗಳೂರಿನವರು. ಹಳೆಯ ಎರಡು ರೂಪಾಯಿ ನೋಟಿನ ಹಿಂದೆ ಇದ್ದ ಆರ್ಯಭಟ ಉಪಗ್ರಹವನ್ನು ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿಸಿ 1975ರಲ್ಲಿ ಮೇಲೇರಿಸಿದ ತಂಡದ ಮುಂದಾಳು ಯು. ಆರ್. ರಾವ್, ನಮ್ಮ ಅದಮಾರಿನವರು. ಆಮೇಲೆ ಮಂಗಳಯಾನವನ್ನು ಎರಡು ಸಾವಿರದ ನೋಟಿಗೇರಿಸಿದರು. 2023ರ ಮೇ 19ರಂದು ಅದನ್ನು ಹಿಂದಕ್ಕೆ ಪಡೆಯುವುದಾಗಿ ಹೇಳಿದರು. ಆರ್ಯಭಟದ ಆಯುಸ್ಸು ಗಟ್ಟಿ. ಎರಡು ರೂಪಾಯಿ ನೋಟಿನ ಮುದ್ರಣ ನಿಂತು ಎಷ್ಟೋ ಕಾಲವಾದರೂ ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ ಅದು ಈಗಲೂ ಚಲಾವಣೆಯ ಹಣವೇ. ಹಳೆಯ ಪುಸ್ತಕದ ನಡುವೆ ಸಿಕ್ಕಿದರೆ ಎಸೆಯಬೇಡಿ.