ಫೀಲ್ಡಣ್ಣ

ಊರ ಹುಡುಗರಿಗೆ ಆಟದ ಮೈದಾನ ಮಂಜೂರು ಮಾಡಿಸುವ ಕೆಲಸವನ್ನು ತಾನಾಗಿ ಮೈಮೇಲೆ ಹಾಕಿಕೊಂಡು, ಅದು ಮುಗಿದುಹೋಗದಂತೆ ಜೋಪಾನವಾಗಿ ನೋಡಿಕೊಳ್ಳುವವನೇ ಫೀಲ್ಡಣ್ಣ. ನಾಗಮಂಗಲ ತಾಲ್ಲೂಕಿನ ಕಸಬಾ, ಬೆಳ್ಳೂರು, ಬಿಂಡಿಗನವಿಲೆ, ಹೊಣಕೆರೆ, ದೇವಲಾಪುರ ಈ ಐದೂ ಹೋಬಳಿಗಳಲ್ಲಿ ಇವನನ್ನು ಕಾಣಬಹುದು. ವಯಸ್ಸು ನಲವತ್ತೈದರ ಮೇಲೆ. ಇಸ್ತ್ರಿ ಮಾಡಿದ ಬಿಳಿ ಷರಟು. ಕಂಕುಳಲ್ಲಿ ಪಹಣಿ, ಗ್ರಾಮನಕ್ಷೆ, ಹಳೆಯ ಅರ್ಜಿಗಳ ಜೆರಾಕ್ಸ್ ತುಂಬಿದ ಪ್ಲಾಸ್ಟಿಕ್ ಫೈಲು. ಒಂದು ಕಾಲಕ್ಕೆ ಒಳ್ಳೆಯ ವಾಲಿಬಾಲ್ ಆಟಗಾರ. ಆ ಕಾಲದಿಂದ ಉಳಿದುಬಂದಿರುವುದು ಮೊಣಕಾಲು ನೋವು ಮತ್ತು ಕೊನೆಯ ಪಾಯಿಂಟನ್ನು ತಾನೇ ಹೊಡೆದ ಒಂದು ಕತೆ. ನೋವು ಚಳಿಗಾಲದಲ್ಲಿ ಮಾತ್ರ ಬರುತ್ತದೆ. ಕತೆಗೆ ಕಾಲದ ಹಂಗಿಲ್ಲ.

ಇವನ ಪದವಿ ಸಾಮಾನ್ಯವಾಗಿ ‘ಮಾಜಿ’. ತಾಲ್ಲೂಕು ಪಂಚಾಯಿತಿಯ ಮಾಜಿಯಾಗಿದ್ದರೆ ಇನ್ನೂ ಅನುಕೂಲ. 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು, ಮುಂದಿನ ಚುನಾವಣೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. ಹಾಲಿ ಸದಸ್ಯನೇ ಇಲ್ಲದ ಮೇಲೆ ಮಾಜಿಗೆ ಎದುರಾರು? ಸೋಲುವ ಭಯವಿಲ್ಲ, ಅನುದಾನದ ಲೆಕ್ಕ ಒಪ್ಪಿಸುವ ಕರ್ಮವಿಲ್ಲ, ವೇದಿಕೆಯ ಕುರ್ಚಿ ಮಾತ್ರ ಕಾಯಂ. ಇಂಥದೊಂದು ಹುದ್ದೆಯನ್ನು 1993ರ ಪಂಚಾಯತ್ ರಾಜ್ ಕಾಯ್ದೆ ಬರೆದವರೂ ಊಹಿಸಿರಲಾರರು.

ಮೈದಾನದ ಕೊರತೆ ಮಾತ್ರ ಸುಳ್ಳಲ್ಲ. ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ರೈತನ ಲೆಕ್ಕದಲ್ಲಿ ಒಂದೂಕಾಲು ಗುಂಟೆ ಚಿಲ್ಲರೆ. ವಾಲಿಬಾಲ್‌ಗೆ ಸುತ್ತ ಮೂರು ಮೀಟರ್ ಬಿಟ್ಟರೂ ಮೂರೂವರೆ ಗುಂಟೆ ಸಾಕು. 400 ಮೀಟರ್ ಓಟದ ಟ್ರ್ಯಾಕ್ ಎಂದಾಗ ನಾಲ್ಕು ಎಕರೆ ಬೇಕು, ಅಲ್ಲಿಗೆ ಮಾತು ನಿಲ್ಲುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುತ್ತದೆ. ಭತ್ತ, ಕಬ್ಬು ಬೆಳೆಯುವ ಗದ್ದೆಯಲ್ಲಿ ನಾಲ್ಕು ಎಕರೆಯನ್ನು ಓಡುವುದಕ್ಕೆ ಬಿಡಿ ಎಂದರೆ, ಹಾಗೆಂದವನೇ ಮೊದಲು ಓಡಬೇಕಾದೀತು. ಶ್ರೀರಂಗಪಟ್ಟಣದ ಕೋಟೆಯೊಳಗೆ ಇನ್ನೊಂದು ಪೇಚು: ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಏನನ್ನೂ ಕಟ್ಟುವಂತಿಲ್ಲ. ಟಿಪ್ಪುವಿನ ಊರಿನಲ್ಲಿ ಗ್ಯಾಲರಿ ಕಟ್ಟಲು ಹೊರಟವನಿಗೆ ಎತ್ತ ತಿರುಗಿದರೂ ಒಂದು ಸ್ಮಾರಕ ಅಡ್ಡ ಬರುತ್ತದೆ.

ನಾಗಮಂಗಲ ಒಣ ಸೀಮೆ. ರಾಗಿ, ಹುರುಳಿ, ತೆಂಗು. ಇಲ್ಲಿ ಜಾಗವಿದೆ, ಕಾಗದದ ಮೇಲಂತೂ ಧಾರಾಳವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕು ಎನ್ನುತ್ತದೆ. ಎಷ್ಟೋ ಶಾಲೆಗಳಿಗೆ ಅದು ಇದೆ ಕೂಡ. ಆದರೆ ರಾಗಿ ಕೊಯ್ಲಾದ ಮೇಲೆ ಅದು ಶಾಲೆಯ ಸ್ವತ್ತಾಗಿ ಉಳಿಯುವುದಿಲ್ಲ. ಮೆದೆ ಎದ್ದು, ಕಣ ಹರಡಿ, ಟ್ರ್ಯಾಕ್ಟರ್ ಸುತ್ತತೊಡಗಿದರೆ ಸಂಕ್ರಾಂತಿ ಕಳೆಯುವ ತನಕ ಆಟದ ಪೀರಿಯಡ್ಡೆಂದರೆ ಹುಲ್ಲು ಹೊರೆಯ ಸುತ್ತ ಓಡುವುದು. ಬೇಸಿಗೆಯಲ್ಲಿ ಹುಡುಗರು ಬತ್ತಿದ ಕೆರೆಯಂಗಳಕ್ಕೆ ಇಳಿಯುತ್ತಾರೆ. ಹೆದ್ದಾರಿ ಬದಿಯಲ್ಲಿ ಯಾರೋ ಬೆಂಗಳೂರಿನವರು ಸೈಟು ಮಾಡಿ ಕಲ್ಲು ನೆಟ್ಟು ಮರೆತುಹೋದ ಬಡಾವಣೆಗಳೂ ಉಪಯೋಗಕ್ಕೆ ಬರುತ್ತವೆ. ವಿಕೆಟ್ ನೆಡುವ ಕೆಲಸ ತಪ್ಪುತ್ತದೆ.

ಫೀಲ್ಡಣ್ಣನ ಕಣ್ಣಿರುವುದು ಗೋಮಾಳದ ಮೇಲೆ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 30 ಎಕರೆ, ಮೇವಿಗೆ ಮೀಸಲಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಬೇರೆ ಸಾರ್ವಜನಿಕ ಕೆಲಸಕ್ಕೆ ಕೇಳಬಹುದು. ಆದ್ದರಿಂದ ಮೈದಾನ ಬೇಕಾದ ಊರಿನಲ್ಲಿ ದನ ಕಡಿಮೆ ಇರಬೇಕಾಗುತ್ತದೆ. ಗ್ರಾಮಸಭೆಯಲ್ಲಿ ಫೀಲ್ಡಣ್ಣ ಎದ್ದು ನಿಂತು, ‘ಈಗ ದನ ಯಾರ್ ಕಟ್ಟವ್ರೆ ಸಾ, ಎಲ್ಲಾ ಮಾರ್ಕಂಡ್ರು’ ಎಂದು ಮರುಗುತ್ತಾನೆ. ಸಂಜೆ ಅದೇ ಫೀಲ್ಡಣ್ಣ ಹಾಲಿನ ಡೈರಿಯ ನಿರ್ದೇಶಕನಾಗಿ, ಊರಿನಲ್ಲಿ ರಾಸು ಹೆಚ್ಚಾಗಿವೆ, ಇನ್ನೊಂದು ಹಾಲು ಶೀತಲೀಕರಣ ಘಟಕ ಬೇಕೆಂದು ಮಂಡ್ಯ ಹಾಲು ಒಕ್ಕೂಟವಾದ ಮನ್‌ಮುಲ್‌ಗೆ ಅರ್ಜಿ ಬರೆಸುತ್ತಾನೆ. ಎರಡೂ ಅರ್ಜಿ ಒಂದೇ ಟೇಬಲ್ಲಿಗೆ ಬಾರದಿರುವುದು ಆಡಳಿತ ವಿಕೇಂದ್ರೀಕರಣದ ಪುಣ್ಯ.

ಪಂಚಾಯಿತಿ ನಿರ್ಣಯ ಮಾಡಬಹುದು, ಗೋಮಾಳ ಕೊಡಲಾರದು. ಜಾಗ ಕಂದಾಯ ಇಲಾಖೆಯದು. ಪಿಡಿಒ ಬರೆದದ್ದು ತಹಶೀಲ್ದಾರರಿಗೆ, ಅಲ್ಲಿಂದ ಪಾಂಡವಪುರದ ಉಪವಿಭಾಗಾಧಿಕಾರಿಗೆ, ಅಂದರೆ ಎಸಿಗೆ, ಅಲ್ಲಿಂದ ಮಂಡ್ಯದ ಜಿಲ್ಲಾಧಿಕಾರಿಗೆ ಹೋಗಬೇಕು. ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್.ಪೇಟೆ ನಾಲ್ಕಕ್ಕೂ ಉಪವಿಭಾಗ ಒಂದೇ ಆದ್ದರಿಂದ ನಾಲ್ಕೂ ತಾಲ್ಲೂಕಿನ ಫೀಲ್ಡಣ್ಣಂದಿರು ಪಾಂಡವಪುರದ ಕಚೇರಿಯ ವರಾಂಡದಲ್ಲಿ ಸಂಧಿಸುತ್ತಾರೆ. ಹೋಗುವಾಗ ಜಕ್ಕನಹಳ್ಳಿ ಕ್ರಾಸಿನಲ್ಲಿ ಒಂದು ಟೀ, ಬರುವಾಗ ಒಂದು. ಊರಿಗೆ ಬಂದಾಗ ಅರಳಿಕಟ್ಟೆಯ ಹುಡುಗರು, ‘ಅಣ್ಣೋ, ಫೀಲ್ಡು ಏನಾಯ್ತು?’ ಎನ್ನುತ್ತಾರೆ. ‘ಆಯ್ತದೆ ಬುಡ್ರಲಾ, ಫೈಲು ಎಸಿ ಟೇಬಲ್ ಮ್ಯಾಗದೆ’ ಎಂಬುದು ಉತ್ತರ. ಇದನ್ನು ಕೇಳಿದ ಮೊದಲ ತಂಡದ ಹುಡುಗರಿಗೆ ಈಗ ಮದುವೆಯಾಗಿ, ಅವರ ಮಕ್ಕಳು ಅದೇ ಕಟ್ಟೆಯಿಂದ ಅದನ್ನೇ ಕೇಳುತ್ತಿದ್ದಾರೆ. ಉತ್ತರದಲ್ಲಿ ಒಂದಕ್ಷರ ಬದಲಾಗಿಲ್ಲ. ಎಸಿ ಸಾಹೇಬರು ಮಾತ್ರ ಹಲವು ಸಲ ಬದಲಾಗಿದ್ದಾರೆ.

ಫೀಲ್ಡಣ್ಣನಿಗೆ ಕಾನೂನು ಬಾಯಿಪಾಠ. ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ಊರ ಸಮುದಾಯದ ಜಾಗ ಒತ್ತುವರಿ ಮಾಡಿದವರನ್ನು ತೆರವು ಮಾಡಿಸಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿದ್ದನ್ನು ಅವನು ಗ್ರಾಮಸಭೆಯಲ್ಲಿ ಗಂಟಲು ಹರಿಯುವಂತೆ ಓದುತ್ತಾನೆ. ಓದಿದ್ದು ಕೆಲಸ ಮಾಡಿಬಿಟ್ಟರೆ ಮಾತ್ರ ಪೇಚು. ಸರ್ವೇಯರ್ ಬಂದು, ಸರಪಳಿಯನ್ನೋ ಯಂತ್ರವನ್ನೋ ಹಿಡಿದು, ಹದ್ದುಬಸ್ತು ಮಾಡಿ ಸ್ಕೆಚ್ ಕೊಡುತ್ತಾನೆ. ಪಹಣಿಯಲ್ಲಿ ಬಯಲೆಂದಿದ್ದ ಜಾಗದಲ್ಲಿ ಓವರ್‌ಹೆಡ್ ಟ್ಯಾಂಕು, ಅಂಗನವಾಡಿ, ಮಾರಮ್ಮನ ಗುಡಿ, ಎರಡು ತಿಪ್ಪೆ ಮತ್ತು ಪಶ್ಚಿಮದ ಅಂಚಿಗೆ ಫಲಕ್ಕೆ ಬಂದ ಒಂದು ಸಾಲು ತೆಂಗು. ಗುಡಿಯನ್ನು ಮುಟ್ಟುವಂತಿಲ್ಲ, ಟ್ಯಾಂಕನ್ನು ಸರಿಸುವಂತಿಲ್ಲ. ತೆಂಗು ಯಾರದೆಂದು ಸರ್ವೇಯರ್ ಕೇಳಿದಾಗ ಊರಿಗೂರೇ ಆಕಾಶ ನೋಡುತ್ತದೆ. ಆ ಜಾಗದ ಸಾಗುವಳಿ ಸಕ್ರಮಕ್ಕೆಂದು ಫೀಲ್ಡಣ್ಣನ ತಂದೆ ತೊಂಬತ್ತರ ದಶಕದಲ್ಲಿ ನಮೂನೆ 53 ಹಾಕಿದ್ದರು. ಅದು ವಜಾ ಆದ ಮೇಲೆ 2018ರಲ್ಲಿ ಮಗ ನಮೂನೆ 57 ಹಾಕಿದ್ದಾನೆ. ಸರ್ವೇಯರ್ ಬಂದುಹೋದ ದಿನದಿಂದ ಅವನ ಭಾಷಣದಲ್ಲಿ ಸುಪ್ರೀಂ ಕೋರ್ಟಿನ ಪ್ರಸ್ತಾಪ ತಗ್ಗುತ್ತದೆ. ‘ದೊಡ್ಡ ಫೀಲ್ಡು ಯಾಕೆ, ನಮ್ ಹುಡುಗ್ರು ವಾಲಿಬಾಲ್ ತಾನೆ ಆಡದು’ ಎಂಬ ಹೊಸ ವಾದ ಹುಟ್ಟುತ್ತದೆ. ಮೂರೂವರೆ ಗುಂಟೆಗೆ ತೆಂಗಿನ ಸಾಲು ಅಡ್ಡ ಬರುವುದಿಲ್ಲ.

ನಡುವೆ ಟೂರ್ನಮೆಂಟುಗಳು. ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯನ್ನು ಕಟಾವಾದ ಯಾರದೋ ಹೊಲದಲ್ಲಿ ನಡೆಸುತ್ತಾರೆ. ಫ್ಲೆಕ್ಸಿನಲ್ಲಿ ಫೀಲ್ಡಣ್ಣನ ಫೋಟೊ ದೊಡ್ಡದು, ಆಟಗಾರರದು ಇರುವುದಿಲ್ಲ. ಉದ್ಘಾಟನೆಗೆ ಬಂದ ಮುಖಂಡರು ಮುಂದಿನ ವರ್ಷ ಇದೇ ಪಂದ್ಯ ಸ್ವಂತ ಮೈದಾನದಲ್ಲಿ ಎನ್ನುತ್ತಾರೆ, ಚಪ್ಪಾಳೆ ಬೀಳುತ್ತದೆ. ಹೊಲದ ಯಜಮಾನ ಮಾತ್ರ ಕೈ ಕಟ್ಟಿ ನಿಂತಿರುತ್ತಾನೆ. ಮುಂದಿನ ವರ್ಷವೂ ತನ್ನ ಹೊಲವೇ ಎಂಬುದು ಅವನಿಗೆ ಗೊತ್ತು.

ಹಾಗಂತ ಮೈದಾನ ಆಗುವುದೇ ಇಲ್ಲವೆಂದಲ್ಲ. 2005ರ ಉದ್ಯೋಗ ಖಾತ್ರಿ ಕಾಯ್ದೆಯಡಿ ಕರ್ನಾಟಕದ ಪಂಚಾಯಿತಿಗಳು ಶಾಲೆಗಳ ಅಂಗಳವನ್ನು ಸಮ ಮಾಡಿ ಅಂಕಣಗಳನ್ನು ಮಾಡಿಸಿದವು. ಖರ್ಚಿನಲ್ಲಿ ನೂರಕ್ಕೆ ಕನಿಷ್ಠ 60 ಪಾಲು ಕೂಲಿಗೆ, ಹೆಚ್ಚೆಂದರೆ 40 ಪಾಲು ಸಾಮಗ್ರಿಗೆ ಎಂಬ ನಿಯಮಕ್ಕೆ ಮಣ್ಣು ಅಗೆದು ಹರಡುವ ಕೆಲಸ ಹೇಳಿ ಮಾಡಿಸಿದಂತಿತ್ತು. ಗೋಮಾಳ ಬೇಡ, ಎಸಿ ಟೇಬಲ್ ಬೇಡ, ಜಾಗ ಶಾಲೆಯದೇ. ಹೀಗೆ, ಮೇಷ್ಟರೊಬ್ಬರೂ ಪಿಡಿಒ ಒಬ್ಬರೂ ಸದ್ದಿಲ್ಲದೆ ಕ್ರಿಯಾಯೋಜನೆಗೆ ಸೇರಿಸಿದ್ದರಿಂದ, ಫೀಲ್ಡಣ್ಣ ಪಾಂಡವಪುರಕ್ಕೆ ಹೋಗಿದ್ದ ಹೊತ್ತಿನಲ್ಲಿ ಊರಿಗೆ ಮೈದಾನ ಬಂದುಬಿಡುವುದುಂಟು.

ಇದು ಅವನ ಪಾಲಿಗೆ ಗಂಡಾಂತರದ ಗಳಿಗೆ. ಕೆಲವು ದಿನ ಅರಳಿಕಟ್ಟೆಯ ಕಡೆ ಸುಳಿಯುವುದಿಲ್ಲ. ಆಮೇಲೆ ಟೇಪು ಕತ್ತರಿಸಲು ಮುಂದೆ ನಿಂತು, ಇದು ತನ್ನ ಇಪ್ಪತ್ತು ವರ್ಷದ ಹೋರಾಟದ ಫಲ ಎನ್ನುತ್ತಾನೆ. ದನ ನುಗ್ಗದಿರಲೆಂದು ಗೇಟಿಗೆ ಬೀಗ ಹಾಕಿಸಿ ಕೀಲಿ ತಾನೇ ಇಟ್ಟುಕೊಳ್ಳುತ್ತಾನೆ. ಹುಡುಗರು ಕಾಂಪೌಂಡು ಹಾರುವುದನ್ನು ಕಲಿಯುತ್ತಾರೆ. ಮುಂದಿನ ಗ್ರಾಮಸಭೆಗೆ ಹೊಸ ಅರ್ಜಿ ಬರುತ್ತದೆ: ಯುವಕರಿಗೆ ಒಳಾಂಗಣ ಕ್ರೀಡಾಂಗಣ, ಎರಡು ಎಕರೆ. ಸರ್ವೆ ನಂಬರ್ ಹಳೆಯದೇ. ತೋರಿಸಿರುವುದು ಮಾತ್ರ ಈ ಸಲ ಪೂರ್ವದ ಮೂಲೆ, ಎದುರು ಪಾರ್ಟಿಯವರ ನಮೂನೆ 57 ಇರುವ ಜಾಗ.